ಐದನೇ ತಿಂಗಳ ಸ್ಕ್ಯಾನ್, ಸಕ್ಕರೆ ಟೆಸ್ಟ್, ಹೆರಿಗೆ ಕ್ಲಾಸ್: ಎಲ್ಲಿ ಏನು ಸಿಗುತ್ತದೆ, ಏನನ್ನು ಕೇಳಿ ಪಡೆಯಬೇಕು

ಬಸಿರಿನ ನಡುಗಾಲದಲ್ಲಿ, ಅಂದರೆ 18ನೇ ವಾರದಿಂದ 28ನೇ ವಾರದೊಳಗೆ, ಮನೆಯವರು ನಾಲ್ಕು ಬಾಗಿಲು ತಟ್ಟಬೇಕಾಗುತ್ತದೆ: ಸ್ಕ್ಯಾನಿಂಗ್ ಸೆಂಟರ್, ಲ್ಯಾಬ್, ತಿಂಗಳ ತಪಾಸಣೆಯ ಆಸ್ಪತ್ರೆ, ಹೆರಿಗೆ ತರಗತಿ. ಆ ಹೊತ್ತಿಗೆ ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಅಷ್ಟು ಭಾರವಾಗಿರುವುದಿಲ್ಲ, ಓಡಾಟ ಸಲೀಸು. ಹಾಗಾಗಿಯೇ ಪ್ಯಾಕೇಜು, ಆಫರು ಅಂತ ಮಾರುವವರೂ ಈ ಕಾಲಕ್ಕೇ ಮುತ್ತಿಕೊಳ್ಳುತ್ತಾರೆ. ಕರ್ನಾಟಕದಲ್ಲಿ ಸರ್ಕಾರಿ ಮತ್ತು ಖಾಸಗಿ ಎರಡೂ ಕಡೆ ಸಿಗುವ ಈ ಸೇವೆಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇವೆ. ಅಳೆಯಲು ಬಳಸಿದ ಕೋಲು ಒಂದೇ: ಆ ಕೆಲಸ ಸರಿಯಾದ ವಾರದಲ್ಲಿ, ಪೂರ್ತಿಯಾಗಿ ಆಗುತ್ತದೆಯೇ? ಹತ್ತೊಂಬತ್ತನೇ ವಾರದಲ್ಲಿ ಪುಕ್ಕಟೆ ಆದ ಒಳ್ಳೆಯ ಸ್ಕ್ಯಾನು, ಇಪ್ಪತ್ತನಾಲ್ಕನೇ ವಾರದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಸ್ಕ್ಯಾನಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಐದನೇ ತಿಂಗಳ ಸ್ಕ್ಯಾನ್

ಮಗುವಿನ ಅಂಗಾಂಗ ಸರಿಯಾಗಿವೆಯೇ ಅಂತ ನೋಡುವ ಇದನ್ನು ವೈದ್ಯರು ಅನಾಮಲಿ ಸ್ಕ್ಯಾನ್ ಅನ್ನುತ್ತಾರೆ, ಚೀಟಿಯಲ್ಲಿ ಟಿಫಾ ಅಂತಲೂ ಬರೆಯುತ್ತಾರೆ. ಮೊದಲ ಎಡವಟ್ಟು ಲೆಕ್ಕದಲ್ಲೇ ಆಗುತ್ತದೆ. ಆಸ್ಪತ್ರೆ ಲೆಕ್ಕ ಹಾಕುವುದು ವಾರದಲ್ಲಿ, ಮನೆಯವರು ಹಾಕುವುದು ತಿಂಗಳಲ್ಲಿ. 'ಐದನೇ ತಿಂಗಳ ಸ್ಕ್ಯಾನ್' ಅಂದಾಕ್ಷಣ ಐದು ತುಂಬಿ ಆರಕ್ಕೆ ಬಿದ್ದ ಮೇಲೆ ಹೋಗಬೇಕು ಅಂದುಕೊಳ್ಳುವವರು ಬಹಳ. ಐದು ತುಂಬುವ ಹೊತ್ತಿಗೆ 22 ವಾರ ಆಗಿಯೇ ಹೋಗಿರುತ್ತದೆ. ಅದರ ಮೇಲೆ ಅಮಾವಾಸ್ಯೆ ಕಳೆಯಲಿ, ಹಬ್ಬ ಮುಗಿಯಲಿ ಅಂತ ಇನ್ನೊಂದು ವಾರ. ಮಾಡಿಸಬೇಕಾದದ್ದು 18ರಿಂದ 20ನೇ ವಾರದೊಳಗೆ, ಅಂದರೆ ಐದನೇ ತಿಂಗಳು ನಡೆಯುತ್ತಿರುವಾಗಲೇ. ಕೊನೆಯ ಮುಟ್ಟಿನ ಮೊದಲ ದಿನದಿಂದ ಕ್ಯಾಲೆಂಡರಿನಲ್ಲಿ 19 ವಾರ ಎಣಿಸಿ ಆ ದಿನಕ್ಕೆ ಗುರುತು ಹಾಕಿಡಿ. ಊರಲ್ಲಿ ಒಳ್ಳೆಯ ಸೆಂಟರ್ ಒಂದೇ ಇದ್ದರೆ ಅಪಾಯಿಂಟ್‌ಮೆಂಟನ್ನು ಎರಡು ಮೂರು ವಾರ ಮುಂಚೆಯೇ ತೆಗೆದುಕೊಳ್ಳಿ.

ವಾರದ ಬಗ್ಗೆ ಇಷ್ಟು ಹಟ ಯಾಕೆಂದರೆ, ಸ್ಕ್ಯಾನಿನಲ್ಲಿ ಏನಾದರೂ ಅನುಮಾನ ಬಂದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹಿರಿಯ ಫೀಟಲ್ ಮೆಡಿಸಿನ್ ವೈದ್ಯರಿಂದ (ಹೊಟ್ಟೆಯೊಳಗಿನ ಮಗುವಿನ ತಜ್ಞರು) ಎರಡನೇ ಸ್ಕ್ಯಾನ್ ಬೇಕಾಗಬಹುದು, ಗರ್ಭದಲ್ಲಿ ಮಗುವಿನ ಸುತ್ತಲಿರುವ ನೀರಿನ ಪರೀಕ್ಷೆ ಬೇಕಾಗಬಹುದು. ಆ ನೀರಿನಲ್ಲಿರುವ ಜೀವಕೋಶಗಳನ್ನು ಬೆಳೆಸಿ ನೋಡುವ ಪರೀಕ್ಷೆಯಾದರೆ ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾನೂನಿನಂತೆ, ಮಗುವಿನಲ್ಲಿ ಗಂಭೀರ ದೋಷವಿದ್ದಾಗ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಅದು ದಾಟಿದರೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. 19ನೇ ವಾರದಲ್ಲಿ ಗೊತ್ತಾದರೆ ಗಂಡ ಹೆಂಡತಿ ಕೂತು ಮಾತಾಡಲು, ಇನ್ನೊಬ್ಬರನ್ನು ಕೇಳಲು, ಅಳಲು ಕೂಡ ಸಮಯ ಇರುತ್ತದೆ. 23ನೇ ವಾರದಲ್ಲಿ ಗೊತ್ತಾದರೆ ಅದೆಲ್ಲವನ್ನೂ ನಾಲ್ಕೇ ದಿನದಲ್ಲಿ ಮಾಡಬೇಕು. ಬಸಿರನ್ನು ಮುಂದುವರಿಸುವವರಿಗೂ ಸಮಯ ಅಷ್ಟೇ ಬೇಕು. ಹುಟ್ಟಿದ ಕೂಡಲೇ ಆಪರೇಷನ್ ಬೇಕಾಗುವ ಮಗುವಾದರೆ ಹೆರಿಗೆ ಯಾವ ಊರಲ್ಲಿ, ಯಾವ ಆಸ್ಪತ್ರೆಯಲ್ಲಿ ಅನ್ನುವುದು ಮೊದಲೇ ನಿಶ್ಚಯವಾಗಿರಬೇಕು.

ಸೆಂಟರ್ ಹೇಗಿದೆ ಅಂತ ಬಾಗಿಲಲ್ಲೇ ಅರ್ಧ ತಿಳಿಯುತ್ತದೆ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ನೋಂದಣಿಯಾದ ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು, ಲಿಂಗ ತಿಳಿಸುವುದಿಲ್ಲ ಎಂಬ ಫಲಕ ಕನ್ನಡದಲ್ಲಿ ಇರಬೇಕು. ಗುರುತಿನ ಚೀಟಿ ಕೇಳಿ, ಆ ಕಾಯ್ದೆ ಕೇಳುವ ಫಾರಂ ಎಫ್ ತುಂಬಿಸಿ, ಗರ್ಭಿಣಿಯ ಸಹಿ ಪಡೆದರೆ ಅದು ಕಿರಿಕಿರಿಯಲ್ಲ, ಆ ಸೆಂಟರ್ ನೆಟ್ಟಗಿದೆ ಎನ್ನುವುದಕ್ಕೆ ಸಾಕ್ಷಿ. ಈ ಕಾಗದಪತ್ರ ಬಿಟ್ಟು ನೇರ ಮಂಚಕ್ಕೆ ಕರೆಯುವ ಕಡೆಯಿಂದ ಎದ್ದು ಬನ್ನಿ. ಗಂಡೋ ಹೆಣ್ಣೋ ಅಂತ ಅತ್ತೆಮನೆಯವರು ಕೇಳಿಸಿದರೂ ಅಪರಾಧವೇ. ಕೇಳಿದವರಿಗೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಇದೆ.

ಒಳಗೆ ಹೋದ ಮೇಲೆ ನೋಡಬೇಕಾದದ್ದು ಗಡಿಯಾರ. ಎಲ್ಲ ಸರಿಯಾಗಿ ಕಂಡರೂ ಈ ಸ್ಕ್ಯಾನಿಗೆ 20ರಿಂದ 40 ನಿಮಿಷ ಬೇಕು. ಐದು ನಿಮಿಷದಲ್ಲಿ 'ಎಲ್ಲಾ ನಾರ್ಮಲ್, ಏಳಮ್ಮ' ಅಂದರೆ ಅಂಗಾಂಗ ನೋಡಿಲ್ಲ, ಎದೆಬಡಿತ ನೋಡಿ ಅಳತೆ ತೆಗೆದಿದ್ದಾರೆ ಅಷ್ಟೆ. ನಿಜವಾಗಿ ನಡೆಯುವುದು ಹೀಗೆ. ತಲೆಯ ಅಡ್ಡಗಲ, ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆ ಮೂಳೆಯ ಉದ್ದ, ಈ ನಾಲ್ಕು ಅಳತೆಯಿಂದ ಮಗುವಿನ ತೂಕ ಅಂದಾಜಾಗುತ್ತದೆ. 20 ವಾರಕ್ಕೆ ಅದು ಸುಮಾರು 300ರಿಂದ 350 ಗ್ರಾಂ. ಆಮೇಲೆ ಮಿದುಳು: ಒಳಗಿನ ನೀರಿನ ಕೋಣೆಗಳ ಅಗಲ 10 ಮಿಲಿಮೀಟರ್ ಒಳಗಿರಬೇಕು, ಹಿಂದಿನ ಕಿರುಮಿದುಳಿನ ಅಗಲ ಈ ವಯಸ್ಸಿನಲ್ಲಿ ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ ಮಿಲಿಮೀಟರ್ ಇರುತ್ತದೆ. ಮೇಲ್ತುಟಿ ಸೀಳಿದೆಯೇ, ಬೆನ್ನುಮೂಳೆ ಕುತ್ತಿಗೆಯಿಂದ ಬಾಲದ ತುದಿವರೆಗೆ ಮುಚ್ಚಿಕೊಂಡಿದೆಯೇ, ಹೊಟ್ಟೆಯಲ್ಲಿ ಜಠರದ ಕಪ್ಪು ಗುಳ್ಳೆ ಕಾಣುತ್ತದೆಯೇ, ಎರಡೂ ಕಿಡ್ನಿ, ಮೂತ್ರಚೀಲ, ಕೈಕಾಲಿನ ಉದ್ದ ಮೂಳೆಗಳು, ಪಾದ ಒಳಕ್ಕೆ ತಿರುಚಿದೆಯೇ, ಹೊಕ್ಕುಳಬಳ್ಳಿಯಲ್ಲಿ ಮೂರು ರಕ್ತನಾಳ ಇವೆಯೇ.

ಹೆಚ್ಚು ಹೊತ್ತು ತಿನ್ನುವುದು ಹೃದಯ. ಆಗ ಅದು ಒಂದು ದ್ರಾಕ್ಷಿ ಹಣ್ಣಿನಷ್ಟಿರುತ್ತದೆ, ಮಿನಿಟಿಗೆ 110ರಿಂದ 160 ಸಲ ಬಡಿಯುತ್ತಿರುತ್ತದೆ. ಪರದೆಯ ಮೇಲೆ ನಾಲ್ಕು ಕೋಣೆ ಕಂಡರೆ ಸಾಲದು. ಎಡಗಡೆಯಿಂದ ಹೊರಡುವ ದೊಡ್ಡ ನಾಳ, ಬಲಗಡೆಯಿಂದ ಹೊರಡುವ ನಾಳ, ಎರಡೂ ಒಂದನ್ನೊಂದು ದಾಟಿ ಹೋಗುವುದನ್ನು ನೋಡಬೇಕು. ನಾಳಗಳು ಅದಲುಬದಲಾಗಿ ಹುಟ್ಟುವ ದೋಷದಲ್ಲಿ ನಾಲ್ಕು ಕೋಣೆಯೂ ಸರಿಯಾಗಿಯೇ ಕಾಣುವುದುಂಟು. ನಾಳ ನೋಡದಿದ್ದರೆ ತಪ್ಪಿಹೋಗುತ್ತದೆ. ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಪಕ್ಕೆಲುಬಿನ ನೆರಳು ಬಿದ್ದು ಹೃದಯ ಕಾಣಿಸುವುದಿಲ್ಲ. ಒಳ್ಳೆಯ ವೈದ್ಯರು ಎಡಮಗ್ಗುಲಿಗೆ ಮಲಗಿಸುತ್ತಾರೆ, ಇಲ್ಲವೇ 'ಹೊರಗೆ ಹೋಗಿ ಏನಾದರೂ ತಿಂದು, ಹತ್ತು ನಿಮಿಷ ಅಡ್ಡಾಡಿ ಬನ್ನಿ' ಅನ್ನುತ್ತಾರೆ. ಹಾಗೆ ಹೇಳಿದರೆ ಗಾಬರಿಯಾಗಬೇಡಿ. ಹೊಟ್ಟೆಯ ಮೇಲೆ ಕೊಬ್ಬು ಹೆಚ್ಚಿದ್ದರೆ, ಹಳೆಯ ಸಿಸೇರಿಯನ್ ಗಾಯದ ಗುರುತಿದ್ದರೆ, ಗಡ್ಡೆಗಳಿದ್ದರೆ ಚಿತ್ರ ಮಸುಕಾಗುತ್ತದೆ, ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಬಹುದು. ಕಾಣದ್ದನ್ನು ಕಾಣಲಿಲ್ಲ ಅಂತ ರಿಪೋರ್ಟಿನಲ್ಲಿ ಬರೆಯುವ ಸೆಂಟರಿಗೆ ನಮ್ಮ ಮೆಚ್ಚುಗೆ. 3ಡಿ, 4ಡಿ ಮುಖದ ಫೋಟೋ ಕೊಡುತ್ತಾರೆ ಎಂಬ ಕಾರಣಕ್ಕೆ ಸೆಂಟರ್ ಆರಿಸಬೇಡಿ. ಆ ಚಿತ್ರ ನೋಡಲು ಚೆಂದ, ಆದರೆ ಮೇಲೆ ಹೇಳಿದ ಕೆಲಸವೆಲ್ಲ ಆಗುವುದು ಸಾದಾ ಕಪ್ಪುಬಿಳುಪು ಚಿತ್ರದಲ್ಲೇ. ಅಂದಹಾಗೆ, ಮೂತ್ರ ತಡೆದುಕೊಂಡು ಲೀಟರುಗಟ್ಟಲೆ ನೀರು ಕುಡಿದು ನರಳುವ ಅಗತ್ಯವೂ ಈ ಸ್ಕ್ಯಾನಿಗಿಲ್ಲ. ಎರಡು ಲೋಟ ಕುಡಿದು ಹೋದರೆ ಸಾಕು.

ಒಂದು ಮಾತನ್ನು ನಮ್ಮ ಕಡೆಯವರು ಮುಚ್ಚಿಡುತ್ತಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಸ್ಕ್ಯಾನಿಗೆ ಮುಂಚೆಯೇ ಹೇಳಿ. ಬೈಸಿಕೊಳ್ಳಬೇಕಾಗುತ್ತದೆ ಅಂತ ಹೆದರಬೇಡಿ. ರಕ್ತಸಂಬಂಧದ ಮದುವೆಯಲ್ಲಿ ಕೆಲವು ಆನುವಂಶಿಕ ದೋಷಗಳ ಸಾಧ್ಯತೆ ಹೆಚ್ಚು. ಹಾಗಂತ ಗೊತ್ತಿದ್ದರೆ ನೋಡುವವರು ಎಲ್ಲಿ ಇನ್ನೂ ಐದು ನಿಮಿಷ ನಿಲ್ಲಬೇಕೆಂದು ತಿಳಿದು ನೋಡುತ್ತಾರೆ. ಮೊದಲು ಹುಟ್ಟಿದ ಮಗುವಿಗೆ ತೊಂದರೆ ಇದ್ದದ್ದು, ಮನೆಯಲ್ಲಿ ಯಾರಿಗಾದರೂ ಹುಟ್ಟು ಹೃದಯದೋಷ ಇದ್ದದ್ದು, ತಾಯಿಗೆ ಬಸಿರಿಗೆ ಮುಂಚೆಯೇ ಸಕ್ಕರೆ ಕಾಯಿಲೆ ಇದ್ದದ್ದು, ಇವನ್ನೂ ಹೇಳಬೇಕು. ಇಂಥವರಿಗೆ ಮಗುವಿನ ಹೃದಯಕ್ಕೆಂದೇ ಪ್ರತ್ಯೇಕವಾಗಿ ಫೀಟಲ್ ಎಕೋ ಎಂಬ ಸ್ಕ್ಯಾನ್ ಬರೆಯುತ್ತಾರೆ.

ಸ್ಕ್ಯಾನಿಗೆ ಮಿತಿ ಇದೆ, ಅದನ್ನು ಸೆಂಟರಿನವರು ಬಾಯಿಬಿಟ್ಟು ಹೇಳಬೇಕು. ಬುದ್ಧಿ, ಕಿವಿ ಕೇಳಿಸುವುದು, ಆಟಿಸಂ ಇವು ಕಾಣುವುದಿಲ್ಲ. ಡೌನ್ ಸಿಂಡ್ರೋಮ್ ಇಲ್ಲ ಅಂತ ಈ ಸ್ಕ್ಯಾನ್ ಒಂದನ್ನೇ ನಂಬಿ ಹೇಳಲಾಗದು. ಅದಕ್ಕೆ ಮೂರನೇ ತಿಂಗಳ ಸ್ಕ್ಯಾನು ಮತ್ತು ರಕ್ತಪರೀಕ್ಷೆ ಇವೆ. ಅದು ತಪ್ಪಿದ್ದರೆ 15ರಿಂದ 20ನೇ ವಾರದೊಳಗೆ ಕ್ವಾಡ್ರುಪಲ್ ಟೆಸ್ಟ್ ಎಂಬ ರಕ್ತಪರೀಕ್ಷೆ ಇದೆ.

ರಿಪೋರ್ಟ್ ಕೈಗೆ ಬಂದಾಗ ಜನ ಹೆದರುವ ಸಾಲುಗಳು ಮೂರು. 'ಮಾಸು ಕೆಳಗಿದೆ' ಎಂಬುದು ಮೊದಲನೆಯದು. ಮಾಸಿನ ಅಂಚು ಗರ್ಭಕೋಶದ ಬಾಯಿಗೆ 20 ಮಿಲಿಮೀಟರಿಗಿಂತ ಹತ್ತಿರ ಇದ್ದರೆ ಹಾಗೆ ಬರೆಯುತ್ತಾರೆ. ಗರ್ಭಕೋಶ ಬೆಳೆಯುತ್ತಾ ಹೋದಂತೆ ಬಹುಪಾಲು ಜನರಲ್ಲಿ ಅದು ಮೇಲೆ ಸರಿಯುತ್ತದೆ, 32ನೇ ವಾರದಲ್ಲಿ ಮತ್ತೆ ನೋಡಿದರೆ ಸರಿ. ಅಲ್ಲಿಯವರೆಗೆ ರಕ್ತ ಕಂಡರೆ ಮಾತ್ರ, ಹನಿಯಾದರೂ, ಕೂಡಲೇ ಆಸ್ಪತ್ರೆಗೆ. ಹಿಂದೆ ಸಿಸೇರಿಯನ್ ಆಗಿದ್ದು ಮಾಸು ಆ ಹೊಲಿಗೆಯ ಮೇಲೇ ಕೂತಿದೆ ಅಂದರೆ ಲೆಕ್ಕ ಬೇರೆ. ಅದು ಗರ್ಭಕೋಶದ ಗೋಡೆಯೊಳಕ್ಕೆ ಬೇರು ಬಿಟ್ಟಿರಬಹುದು. ಹೆರಿಗೆಗೆ ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಶನ್ ಸರ್ಕಾರಿ ವಲಯದಲ್ಲಿ ಹೆರಿಗೆಗೆಂದೇ ಇರುವ ದೊಡ್ಡ ಆಸ್ಪತ್ರೆಗಳು.

ಎರಡನೆಯದು 'ಹೃದಯದಲ್ಲಿ ಬಿಳಿ ಚುಕ್ಕೆ' ಅಥವಾ 'ಮಿದುಳಿನಲ್ಲಿ ನೀರಿನ ಗುಳ್ಳೆ'. ಇವು ಸಾಫ್ಟ್ ಮಾರ್ಕರ್‌ಗಳು, ಅಂದರೆ ದೋಷವಲ್ಲ, ಸುಳಿವು. ಬೇರೇನೂ ಜೊತೆಗಿಲ್ಲದೆ, ಮೂರನೇ ತಿಂಗಳ ಪರೀಕ್ಷೆಯೂ ಸರಿ ಇದ್ದರೆ ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಮೂರನೆಯದು 'ಮಗು ಒಂದು ವಾರ ಹಿಂದಿದೆ'. ಹೆರಿಗೆಯ ದಿನಾಂಕವನ್ನು ಮೂರನೇ ತಿಂಗಳ ಸ್ಕ್ಯಾನಿನಲ್ಲಿ ತಲೆಯಿಂದ ಪೃಷ್ಠದವರೆಗೆ ಅಳೆದು ಒಮ್ಮೆ ನಿಗದಿ ಮಾಡಿದ ಮೇಲೆ ಮತ್ತೆ ಬದಲಿಸಬಾರದು. ಐದನೇ ತಿಂಗಳ ಯಂತ್ರ ಅವತ್ತಿನ ಅಳತೆ ನೋಡಿ ಇನ್ನೊಂದು ದಿನಾಂಕ ಮುದ್ರಿಸುತ್ತದೆ. ಅದನ್ನು ಹಿಡಿದು ಕೂತರೆ ಕೊನೆ ತಿಂಗಳಲ್ಲಿ ಮಗು ನಿಜವಾಗಿ ಬೆಳೆಯುತ್ತಿಲ್ಲ ಅನ್ನುವುದೇ ಗೊತ್ತಾಗದೆ ಹೋಗುತ್ತದೆ. ಮೊದಲ ಸ್ಕ್ಯಾನಿನ ರಿಪೋರ್ಟ್ ಕೈಲಿ ಹಿಡಿದೇ ಹೋಗಿ. ಹಾಗೆಯೇ ಗರ್ಭಕೋಶದ ಕೊರಳಿನ ಉದ್ದ ಬರೆದಿದ್ದಾರೆಯೇ ನೋಡಿ. 25 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯವಿದೆ. ಅದೇ ವಾರ ವೈದ್ಯರನ್ನು ಕಾಣಬೇಕು, ಪ್ರೊಜೆಸ್ಟರಾನ್ ಮಾತ್ರೆಗೋ ಆ ಕೊರಳಿಗೆ ಹಾಕುವ ಹೊಲಿಗೆಗೋ ಅವಕಾಶ ಇರುತ್ತದೆ.

ತಾಯಿ ಕಾರ್ಡ್ ಮತ್ತು 9ನೇ ತಾರೀಖು

ಸರ್ಕಾರಿ ಸೇವೆಯನ್ನು ಬಡವರದ್ದು ಅಂತ ತಳ್ಳಿಹಾಕುವವರು ತಮಗೇ ನಷ್ಟ ಮಾಡಿಕೊಳ್ಳುತ್ತಾರೆ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ನಾಲ್ಕು ತಿಂಗಳು ದಾಟಿದ ಗರ್ಭಿಣಿಯರಿಗೆ ವೈದ್ಯರಿಂದ ಪೂರ್ತಿ ತಪಾಸಣೆ ಇದೆ. 9 ಭಾನುವಾರವೋ ರಜೆಯೋ ಆದರೆ ಮರುದಿನದ ಕೆಲಸದ ದಿನ. ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರ, ಸಕ್ಕರೆ, ಜೊತೆಗೆ ಈ ನಡುಗಾಲದಲ್ಲಿ ಒಂದು ಸ್ಕ್ಯಾನು, ಎಲ್ಲ ಉಚಿತ. ತಪಾಸಣೆ ಮುಗಿದಾಗ ತಾಯಿ ಕಾರ್ಡಿನ, ಅಂದರೆ ಗರ್ಭಿಣಿಗೆ ಸರ್ಕಾರ ಕೊಡುವ ದಾಖಲೆಯ ಮೇಲೆ ಬಣ್ಣದ ಚೀಟಿ ಅಂಟಿಸುತ್ತಾರೆ: ಹಸಿರು ಅಂದರೆ ತೊಂದರೆ ಇಲ್ಲ, ಕೆಂಪು ಅಂದರೆ ಅಪಾಯದ ಬಸಿರು, ನೀಲಿ ಬಸಿರಿನ ಬಿಪಿಗೆ, ಹಳದಿ ಸಕ್ಕರೆ, ಥೈರಾಯ್ಡ್‌ನಂಥ ಜೊತೆ ಕಾಯಿಲೆಗೆ. ನಡುರಾತ್ರಿ 108 ಹತ್ತಿ ಗುರುತಿಲ್ಲದ ಆಸ್ಪತ್ರೆಗೆ ಹೋದರೂ ಅಲ್ಲಿನ ನರ್ಸ್‌ಗೆ ಆ ಬಣ್ಣ ಮೊದಲು ಕಾಣುತ್ತದೆ. ಖಾಸಗಿ ಆಸ್ಪತ್ರೆಯ ಹೊಳೆಯುವ ಫೈಲಿನಲ್ಲಿ ಇಂಥ ಏರ್ಪಾಡು ಇರುವುದಿಲ್ಲ. ಕೊರತೆ ಏನೆಂದರೆ ಅವತ್ತು ನೂಕುನುಗ್ಗಲು. ಬಿಪಿ ಓಡೋಡಿ ನೋಡುತ್ತಾರೆ. ಬಸ್ಸಿಳಿದು ಬಂದು ಕ್ಯೂನಲ್ಲಿ ನಿಂತವರ ತೋಳಿಗೆ ಪಟ್ಟಿ ಸುತ್ತಿದರೆ ಅಂಕಿ ಹೆಚ್ಚೇ ಬರುತ್ತದೆ. 'ಐದು ನಿಮಿಷ ಕೂತು ನೋಡಿಸಿಕೊಳ್ಳುತ್ತೇನೆ ಸಿಸ್ಟರ್' ಅನ್ನಿ, ಬೆನ್ನು ಒರಗಿಸಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಡಿ. 140/90 ಮುಟ್ಟಿದರೆ ಮತ್ತೆ ನೋಡಲೇಬೇಕು. ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟ್ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು 16ನೇ ವಾರದಲ್ಲೇ ಕೇಳಿಟ್ಟುಕೊಳ್ಳಿ.

ಮಾತ್ರೆಗಳ ವಿಷಯದಲ್ಲಿ ಸೇವೆ ಚೆನ್ನಾಗಿದೆ, ಹೇಳಿಕೊಡುವುದು ಸಾಲದು. ಕೆಂಪು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ. ಕ್ಯಾಲ್ಸಿಯಂ 500 ಮಿಲಿಗ್ರಾಂ ದಿನಕ್ಕೆ ಎರಡು. ಇವೆರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಕನಿಷ್ಠ ಎರಡು ಗಂಟೆ ಅಂತರ ಬೇಕು. ಕಾಫಿ, ಟೀ ಕೂಡ ಹಾಗೆಯೇ, ಒಂದು ಗಂಟೆ ಆಚೆ ಈಚೆ. ತಿಂಡಿ ಮತ್ತು ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ, ಮಧ್ಯಾಹ್ನ ಊಟವಾದ ಒಂದು ಗಂಟೆಗೆ ನಿಂಬೆಹಣ್ಣಿನ ನೀರಿನ ಜೊತೆ ಕಬ್ಬಿಣ, ಹೀಗೆ ಹಂಚಿಕೊಂಡರೆ ಗೊಂದಲ ಇರದು. ಮಲ ಕಪ್ಪಾಗುವುದು ಸಹಜ. ಅದನ್ನು ನೋಡಿ ಮಾತ್ರೆ ಬಿಟ್ಟವರೇ ಮುಂದಿನ ತಿಂಗಳು ಹಿಮೋಗ್ಲೋಬಿನ್ ಏರಲಿಲ್ಲ ಅಂತ ಬರುತ್ತಾರೆ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಆಗ ದಿನಕ್ಕೆ ಎರಡು ಮಾತ್ರೆ. ತಿಂಗಳಲ್ಲಿ 1 ಗ್ರಾಂ ಕೂಡ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. 7ಕ್ಕಿಂತ ಕೆಳಗಾದರೆ ಕಾಯುವ ಮಾತೇ ಇಲ್ಲ. ಜಂತುಹುಳದ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಒಂದು ಸಲ ಇದೇ ನಡುಗಾಲದಲ್ಲಿ ಕೊಡುತ್ತಾರೆ. ಮೂರು ತಿಂಗಳೊಳಗೆ ಕೊಡುವುದಿಲ್ಲ. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಇಂಜೆಕ್ಷನ್ ಎರಡು, ನಡುವೆ ನಾಲ್ಕು ವಾರ.

ಅಂಗನವಾಡಿಯಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟ ರಾಜ್ಯಾದ್ಯಂತ ಬಂತು. ಊಟದ ಜೊತೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಹೆಸರು ಬರೆಸಿಕೊಳ್ಳಲು ಸಂಕೋಚ ಬೇಡ.

ಸಕ್ಕರೆ ಟೆಸ್ಟ್

24ರಿಂದ 28ನೇ ವಾರದೊಳಗಿನ ಈ ಪರೀಕ್ಷೆ ಅಗ್ಗದ್ದು, ಸುಲಭದ್ದು, ಆದರೆ ಕೆಡುವುದು ಇಲ್ಲೇ ಜಾಸ್ತಿ. ಸರ್ಕಾರಿ ಪದ್ಧತಿಯಲ್ಲಿ ಬರಿಹೊಟ್ಟೆ ಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು 300 ಎಂಎಲ್ ನೀರಿನಲ್ಲಿ ಕಲಸಿ ಐದರಿಂದ ಹತ್ತು ನಿಮಿಷದೊಳಗೆ ಕುಡಿಯಬೇಕು, ಸರಿಯಾಗಿ ಎರಡು ಗಂಟೆಗೆ ರಕ್ತ. 140 ಅಥವಾ ಹೆಚ್ಚು ಬಂದರೆ ಬಸಿರಿನ ಸಕ್ಕರೆ. ಖಾಸಗಿ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಬರಿಹೊಟ್ಟೆಯಲ್ಲಿ ಒಂದು, ಕುಡಿದ ಒಂದು ಗಂಟೆಗೆ ಒಂದು, ಎರಡು ಗಂಟೆಗೆ ಒಂದು, ಹೀಗೆ ಮೂರು ಸಲ ತೆಗೆಯುತ್ತಾರೆ. ಅಲ್ಲಿ ಮಿತಿ 92, 180, 153. ಎರಡು ಪದ್ಧತಿಯ ಅಂಕಿಗಳನ್ನು ಒಂದಕ್ಕೊಂದು ಹೋಲಿಸಿ ಗಾಬರಿಪಟ್ಟುಕೊಳ್ಳಬಾರದು.

ಕೆಡುವುದು ಹೀಗೆ. ಅಂಗಡಿಯ 100 ಗ್ರಾಂ ಪೊಟ್ಟಣವನ್ನು ಪೂರ್ತಿ ಸುರಿಯುತ್ತಾರೆ, ಅಂಕಿ ಏರುತ್ತದೆ. ಅರ್ಧ ಲೋಟ ಕುಡಿದು ಸಾಕಾಯಿತು ಅಂತ ಉಳಿದದ್ದನ್ನು ಚೆಲ್ಲುತ್ತಾರೆ. ಅಂಕಿ ಇಳಿಯುತ್ತದೆ, ಕಾಯಿಲೆ ತಪ್ಪಿಹೋಗುತ್ತದೆ. ಎರಡು ಗಂಟೆಯನ್ನು ಕುಡಿಯಲು ಶುರುಮಾಡಿದ ಹೊತ್ತಿನಿಂದ ಎಣಿಸದೆ ಅಂದಾಜಿಗೆ ಕರೆಯುತ್ತಾರೆ. ಕಾಯುವಾಗ ಮಾರ್ಕೆಟ್ಟಿಗೆ ಹೋಗಿ ಬರುವವರೂ ಇದ್ದಾರೆ. ನಡೆದರೆ ಸಕ್ಕರೆ ಕರಗುತ್ತದೆ, ಅಲ್ಲೇ ಕೂರಬೇಕು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆ ರದ್ದು, ಮರುದಿನ ಮತ್ತೆ. ಅರ್ಧ ಗಂಟೆ ದಾಟಿ ವಾಂತಿಯಾದರೆ ಮುಂದುವರಿಸಬಹುದು. ಲೋಟ ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಯುವ, ಕಾಯುವವರಿಗೆ ಬೆನ್ನಿರುವ ಕುರ್ಚಿ ಇಟ್ಟಿರುವ ಲ್ಯಾಬು ನಮ್ಮ ದೃಷ್ಟಿಯಲ್ಲಿ ಒಳ್ಳೆಯ ಲ್ಯಾಬು. ಇದೇ ಹೊತ್ತಿನ ಇನ್ನೊಂದು ಕೆಲಸ: ತಾಯಿಯ ರಕ್ತದ ಗುಂಪು ನೆಗೆಟಿವ್, ಗಂಡನದು ಪಾಸಿಟಿವ್ ಆದರೆ, ಮಗುವಿನ ರಕ್ತದ ವಿರುದ್ಧ ತಾಯಿಯ ಮೈ ತಿರುಗಿಬೀಳದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ 28ನೇ ವಾರಕ್ಕೆ ವಿಚಾರಿಸಿ, ಇದನ್ನು ಮರೆಯುವವರು ಬಹಳ.

ಹೆರಿಗೆ ತರಗತಿ

ದುಡ್ಡು ಕೊಟ್ಟು ಸೇರುವ ತರಗತಿಗಳಲ್ಲಿ ಗಟ್ಟಿಯೂ ಇವೆ, ಜೊಳ್ಳೂ ಇವೆ. ನಮ್ಮಲ್ಲಿ ಏಳನೇ ತಿಂಗಳಿಗೋ ಒಂಬತ್ತನೆಯದಕ್ಕೋ ಸೀಮಂತ ಮಾಡಿ ತವರಿಗೆ ಕರೆದೊಯ್ಯುವ ರೂಢಿ. ಗಂಡನ ಜೊತೆ ಕೂತು ಕಲಿಯಬೇಕೆಂದರೆ ಅದಕ್ಕೆ ಮುಂಚೆ, 20ರಿಂದ 28ನೇ ವಾರದೊಳಗೆ ಸೇರುವುದೇ ಅನುಕೂಲ. ಸೇರುವ ಮೊದಲು ವೈದ್ಯರ ಒಪ್ಪಿಗೆ ಚೀಟಿ ಕೇಳದ ಕಡೆ ವ್ಯಾಯಾಮ ಮಾಡಬೇಡಿ. ಮಾಸು ಗರ್ಭಕೋಶದ ಬಾಯಿಯ ಮೇಲಿರುವವರು, ಗರ್ಭಕೋಶದ ಕೊರಳು ಚಿಕ್ಕದಿರುವವರು, ಅದಕ್ಕೆ ಹೊಲಿಗೆ ಹಾಕಿಸಿಕೊಂಡವರು, ರಕ್ತ ಕಂಡವರು, ಬಿಪಿ ಹೆಚ್ಚಿದವರು ಮಾಡಬಾರದ ಆಸನಗಳಿವೆ. ಆ ಚೀಟಿ ಕೇಳುವುದು ಕಲಿಸುವವರ ಜವಾಬ್ದಾರಿ.

ಮೊದಲ ದಿನವೇ ಒಂದು ಪರೀಕ್ಷೆ ಮಾಡಬಹುದು. ಕೊನೆಯಲ್ಲಿ ಶವಾಸನ ಹೇಗೆ ಮಾಡಿಸುತ್ತಾರೆ ನೋಡಿ. 20 ವಾರ ದಾಟಿದವರನ್ನು ಹತ್ತು ಹದಿನೈದು ನಿಮಿಷ ಅಂಗಾತ ಮಲಗಿಸಿದರೆ, ತುಂಬಿದ ಗರ್ಭಕೋಶ ಬೆನ್ನಮೂಳೆಯ ಪಕ್ಕದಲ್ಲಿ ಕೆಳಗಿನಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳವನ್ನು ಅದುಮುತ್ತದೆ. ತಲೆಸುತ್ತು, ಬೆವರು, ವಾಕರಿಕೆ ಬರುತ್ತದೆ. ತಿಳಿದವರು ಎಡಮಗ್ಗುಲಿಗೆ ಮಲಗಿಸಿ, ಬಲಮೊಣಕಾಲು ಮಡಿಸಿ ಅದರಡಿ ಒಂದು ದಿಂಬು, ಹೊಟ್ಟೆಯಡಿ ಮಡಿಸಿದ ಟವೆಲ್ ಕೊಡುತ್ತಾರೆ, ಏಳುವಾಗ ಕೈಯೂರಿ ಮಗ್ಗುಲಿನಿಂದಲೇ ಏಳಿಸುತ್ತಾರೆ. ಇದೊಂದನ್ನು ನೋಡಿದರೆ ಉಳಿದದ್ದು ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಇನ್ನೊಂದು ಗುರುತು: ಉಸಿರು ಬಿಗಿಹಿಡಿದು ಮಗುವನ್ನು ಹೊರತಳ್ಳಲು ಮುಕ್ಕರಿಯುವುದನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸುವವರು ಬೇಡ. ಉಸಿರಾಟ ಕಲಿಸಬೇಕು, ಮುಕ್ಕರಿಯುವುದನ್ನು ಹೆರಿಗೆ ಕೋಣೆಗೆ ಬಿಡಬೇಕು.

ತಳದ ಸ್ನಾಯುಗಳ ವ್ಯಾಯಾಮವನ್ನು ಸರಿಯಾಗಿ ಹೇಳಿಕೊಡುವವರು ಕಡಿಮೆ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಹಿಡಿಯುವಂತೆ ಒಳಕ್ಕೆ, ಮೇಲಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿದು, ಐದು ಎಣಿಸುವವರೆಗೆ ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ನಿಲ್ಲಬಾರದು. ಮೂತ್ರ ಮಾಡುತ್ತಿರುವಾಗ ನಿಲ್ಲಿಸಿ ಅಭ್ಯಾಸ ಮಾಡಿ ಅಂತ ಹೇಳುವ ತರಗತಿಗಳಿವೆ. ಮಾಡಬೇಡಿ, ಚೀಲ ಪೂರ್ತಿ ಖಾಲಿಯಾಗದೆ ಸೋಂಕಿಗೆ ದಾರಿಯಾಗುತ್ತದೆ.

ಹಾಲೂಡಿಸುವ ಪಾಠಕ್ಕೆ ಒಂದು ಪೂರ್ತಿ ದಿನ ಇಟ್ಟಿದ್ದಾರೆಯೇ ಕೇಳಿ. ಗೊಂಬೆ ಹಿಡಿಸಿ ಮಾಡಿಸಬೇಕು: ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು, ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ, ಬಾಯಿ ಅಗಲವಾಗಿ ತೆರೆದಾಗ ತೊಟ್ಟಿನ ಸುತ್ತಲ ಕಪ್ಪುಭಾಗವೂ ಒಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು. ಬರಿ ತೊಟ್ಟನ್ನಷ್ಟೇ ಚೀಪಿದರೆ ಬಿರುಕು ಬಿಟ್ಟು ಮೂರನೇ ದಿನಕ್ಕೆ ತಾಯಿ ಅಳುತ್ತಾಳೆ. ಹುಟ್ಟಿದ ಒಂದು ಗಂಟೆಯೊಳಗೆ ಹಳದಿ ಮೊದಲ ಹಾಲು ಕುಡಿಸಬೇಕು, ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಬಾರದು. ಈ ಪಾಠಕ್ಕೆ ಅಜ್ಜಿಯನ್ನೂ ಕರೆಸಿಕೊಳ್ಳುವ ತರಗತಿ ಜಾಣತನದ್ದು, ಯಾಕೆಂದರೆ ಬಾಣಂತನದ ಕೋಣೆಯಲ್ಲಿ ನಡೆಯುವುದು ಅವರ ಮಾತೇ.

ತರಗತಿಯ ಹೆಸರಿನಲ್ಲಿ ಮಾರಾಟ ನಡೆಯುತ್ತಿದ್ದರೆ ಎಚ್ಚರ. ಡಬ್ಬಿ ಹಾಲಿನ ಕಂಪನಿಯ ಸ್ಯಾಂಪಲ್, ಅವರ ಲೋಗೋ ಇರುವ ಬ್ಯಾಗು ಕೊಡುವುದು 1992ರ ಶಿಶು ಹಾಲಿನ ಕಾಯ್ದೆಗೆ ವಿರುದ್ಧ. ಹೊಕ್ಕುಳಬಳ್ಳಿ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿಡಿ ಅಂತ ಒಂದು ಗಂಟೆ ಭಾಷಣ ಇಟ್ಟಿರುತ್ತಾರೆ. ಹಾಗೆ ದುಡ್ಡು ಕೊಟ್ಟು ಇಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ. ಗರ್ಭಸಂಸ್ಕಾರದ ಹಾಡು, ಶ್ಲೋಕ ತಾಯಿಯ ಮನಸ್ಸಿಗೆ ಹಿತ ಕೊಟ್ಟರೆ ಖಂಡಿತ ಕೇಳಲಿ. ಮಗುವಿನ ಬುದ್ಧಿ ಇಷ್ಟು ಹೆಚ್ಚುತ್ತದೆ ಅಂತ ಮಾತುಕೊಟ್ಟು ಫೀಸು ಏರಿಸುವವರಿಗೆ ಮಾತ್ರ ಕೊಡಬೇಡಿ.

ಪೂರ್ತಿ ಫೀಸು ಒಮ್ಮೆಗೇ ಕಟ್ಟದೆ ಒಂದು ತರಗತಿಗೆ ಕೊಟ್ಟು ನೋಡಿ. ಕಲಿಸುವವರು ನರ್ಸೋ, ಫಿಜಿಯೋಥೆರಪಿಸ್ಟೋ, ಹೆರಿಗೆ ಮಾಡಿಸಿದ ಅನುಭವ ಇದೆಯೋ ಕೇಳಿ. ಹನ್ನೆರಡಕ್ಕಿಂತ ಹೆಚ್ಚು ಜನರಿದ್ದರೆ ಒಬ್ಬೊಬ್ಬರ ಭಂಗಿ ತಿದ್ದಲು ಆಗುವುದಿಲ್ಲ. ನೋವು ಯಾವಾಗ ನಿಜವಾದದ್ದು ಅಂತ ಕನ್ನಡದಲ್ಲಿ ಬಿಡಿಸಿ ಹೇಳಬೇಕು: ಐದು ನಿಮಿಷಕ್ಕೊಮ್ಮೆ, ಒಂದೊಂದು ನೋವು ಒಂದು ನಿಮಿಷ, ಹೀಗೆ ಒಂದು ಗಂಟೆ ಬಂದರೆ ಹೊರಡಬೇಕು. ಎರಡನೇ ಹೆರಿಗೆಯಾದರೆ, ಆಸ್ಪತ್ರೆ ದೂರವಿದ್ದರೆ ಅದಕ್ಕೂ ಮುಂಚೆ. ನೀರು ಒಡೆದರೆ ನೋವಿಗೆ ಕಾಯಬಾರದು. ಫೀಸು ಕೊಡಲಾಗದವರು ಬೇಸರ ಪಡಬೇಕಿಲ್ಲ. 9ನೇ ತಾರೀಖಿನ ಸಾಲಿನಲ್ಲಿ ಕೂತಾಗ ಆಶಾ ಕಾರ್ಯಕರ್ತೆ, ಸಿಸ್ಟರ್ ಹೇಳುವುದರಲ್ಲಿ ಹಾಲೂಡಿಸುವುದು, ಅಪಾಯದ ಚಿಹ್ನೆಗಳು ಎರಡೂ ಇರುತ್ತವೆ. ಕೇಳಿದರೆ ತೋರಿಸಿಯೂ ಕೊಡುತ್ತಾರೆ.

ತವರಿಗೆ ಹೊರಡುವಾಗ ಸೀರೆ, ಬಳೆಗಿಂತ ಮುಂಚೆ ಕೈಚೀಲಕ್ಕೆ ಹಾಕಬೇಕಾದ್ದು ಫೈಲು: ತಾಯಿ ಕಾರ್ಡ್, ಮೂರನೇ ಮತ್ತು ಐದನೇ ತಿಂಗಳ ಸ್ಕ್ಯಾನ್ ರಿಪೋರ್ಟಿನ ಮೂಲಪ್ರತಿ, ರಕ್ತದ ಗುಂಪಿನ ಚೀಟಿ, ಸಕ್ಕರೆ ಟೆಸ್ಟಿನ ಅಂಕಿ, ಟಿಡಿ ಹಾಕಿಸಿದ ದಿನಾಂಕಗಳು, ಉಳಿದ ಮಾತ್ರೆಗಳು. ಎಲ್ಲದರ ಫೋಟೋ ಗಂಡನ ಫೋನಿನಲ್ಲೂ ಇರಲಿ. ತವರೂರಿನ ಆಶಾ ಕಾರ್ಯಕರ್ತೆಗೆ ಅಲ್ಲಿಗೆ ತಲುಪಿದ ವಾರವೇ ಕಾರ್ಡ್ ತೋರಿಸಿ ಹೆಸರು ಬರೆಸಿ. ಮುಂದಿನ 9ನೇ ತಾರೀಖಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ಕರೆಯುವ ಪಟ್ಟಿಯಲ್ಲಿ ನಿಮ್ಮ ಹೆಸರಿರುತ್ತದೆ.